ಬ್ರೇಕ್ ಮೇಷ್ಟ್ರ ಬಲಗಾಲು

ಮೇಷ್ಟ್ರಿಗೆ ಹೊಸ ಕಾರಿನ ಮೇಲೆ ಕೋಪ ಬಂದದ್ದು ಅದು ಮನೆಗೆ ಬಂದ ದಿನವೇ. ಕಾರು ಕೆಟ್ಟದ್ದೆಂದಲ್ಲ. ಯಜಮಾನನ ಅಪ್ಪಣೆಗೂ ಕಾಯದೆ ತಾನಾಗಿಯೇ ನಿಧಾನವಾಗುತ್ತಿತ್ತು! ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ. ಮಾರಿದವನು ಕೈಮುಗಿದು ವಿವರಿಸಿದ್ದ: "ಹೈಬ್ರಿಡ್ ಸರ್ ಇದು. ಪೆಟ್ರೋಲೂ ಇದೆ, ಬ್ಯಾಟರಿನೂ ಇದೆ. ಕಾಲೆತ್ತಿದಾಗ ಗಾಡಿಯ ಓಟ ದಂಡ ಆಗಲ್ಲ, ಕರೆಂಟ್ ಆಗಿ ಬ್ಯಾಟರಿ ಸೇರುತ್ತೆ. ಅದಕ್ಕೇ ತಾನಾಗೇ ನಿಧಾನ ಆಗೋದು."

"ಅಂದ್ರೆ ನಿಲ್ಲೋದಕ್ಕೂ ಲಂಚ ತಗೊಳ್ಳುತ್ತೆ ಅನ್ನಿ!" ಎಂದು ಮೇಷ್ಟ್ರು ಗುಡುಗಿದ್ದರು.

ಗುಡುಗದೆ ಇನ್ನೇನು? ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಸಿದ ಮಹಾನುಭಾವರು. 'ಎತ್ತು, ತುಳಿ!' ಎಂಬ ಎರಡೇ ಪದಗಳ ಮಂತ್ರವನ್ನು ಶಿಷ್ಯಕೋಟಿಗೆ ಉಪದೇಶಿಸಿ 'ಬ್ರೇಕ್ ಮೇಷ್ಟ್ರು' ಎಂಬ ಬಿರುದು ಗಳಿಸಿದವರು. ಸ್ಕೂಲಿನ ಗಾಡಿಯಲ್ಲಿ ಅವರು ಕೂರುವ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇದೆ. ಕಲಿಯುವವರು ಕೈಕಾಲು ಬಿಟ್ಟಾಗ ಇವರು ತುಳಿಯಬೇಕು. ಆ ಅಭ್ಯಾಸ ಬಲಗಾಲಿಗೆ ಎಷ್ಟು ಅಂಟಿಕೊಂಡಿತೆಂದರೆ, ಬಸ್ಸಿನಲ್ಲಿ ಕೂತರೂ ತುಳಿಯುತ್ತಾರೆ, ಟೀವಿಯಲ್ಲಿ ಕಾರು ಓಡಿದರೂ ತುಳಿಯುತ್ತಾರೆ. (ನಿದ್ದೆಯಲ್ಲೂ ತುಳಿಯುತ್ತಾರೆ. ಹೆಂಡತಿ ಮಂಚದ ಗೋಡೆ ಕಡೆಗೆ ಸರಿದು ಎಷ್ಟೋ ವರ್ಷವಾಯಿತು.)

ಆ ಹೆಂಡತಿ ಬಟ್ಟೆ ಹೊಲಿಯುವಾಕೆ. ಈ ಗಾಡಿ ಆಕೆಗೆ ಮೊದಲ ದಿನವೇ ಒಗ್ಗಿಬಿಟ್ಟಿದ್ದು ಮೇಷ್ಟ್ರ ಎರಡನೆಯ ಕೋಪ.

"ನನ್ನ ಹೊಲಿಗೆ ಮಷೀನಿನ ಪೆಡಲ್ ಇದ್ದ ಹಾಗೇ ಇದೆ ಕಣ್ರೀ. ಕಾಲು ಒಂದೇ ಸಲ ಕಿತ್ಕೋಬಾರ್ದು. ಮೆಲ್ಲಗೆ ಸಡಿಲ ಬಿಡ್ತಾ ಬರ್ಬೇಕು."

"ಊರಿಗೆಲ್ಲ ಪಾಠ ಹೇಳಿದೋನಿಗೆ ನೀನು ಪಾಠ ಹೇಳ್ತೀಯಾ? ಅಂಗಿ ಹೊಲಿಯೋದೂ ಗಾಡಿ ಓಡ್ಸೋದೂ ಒಂದೇನೇ?"

"ಒಂದೇ ಅಲ್ಲ. ಅಂಗಿ ಕೆಟ್ರೆ ಬಿಚ್ಚಿ ಹೊಲೀಬಹುದು. ಅದಕ್ಕೇ ಹೇಳ್ತಿರೋದು."

ಹೀಗೆ ಉರಿಯುತ್ತಿದ್ದ ಬೆಂಕಿಗೆ ತುಪ್ಪ ಸುರಿಯಲು ಅತ್ತೆಯವರ ಕಣ್ಣಿನ ಆಪರೇಷನ್ ಬಂತು. ಒಂದು ಕಣ್ಣಿನ ಪೊರೆ ತೆಗೆದು ದಪ್ಪಗೆ ಪಟ್ಟಿ ಕಟ್ಟಿದ್ದರು. ಇನ್ನೊಂದರಲ್ಲಿ ಪೊರೆ ಹಾಗೇ ಇತ್ತು, ಬೆಳಕು ಬಿಟ್ಟರೆ ಬೇರೇನೂ ಕಾಣದು. "ತಲೆ ಕುಲುಕಬಾರದು. ಕುಲುಕಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ" ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು.

ಹೆಂಡತಿ ಕೀಲಿಗೆ ಕೈಚಾಚಿದಳು. ಅತ್ತೆ ತಡೆದರು.

"ನೀನು ಬೇಡ ಕಣೇ. ಸೈಕಲ್ಲನ್ನೇ ಚರಂಡಿಗೆ ಬಿಟ್ಟೋಳು ನೀನು. ಅಳಿಯಂದ್ರೇ ಓಡಿಸ್ಲಿ. ನನ್ನ ಕಣ್ಣು ಅವರ ಜವಾಬ್ದಾರಿ."

ಮೇಷ್ಟ್ರ ಎದೆ ಒಂದು ಗೇಣು ಉಬ್ಬಿತು. ಹೆಂಡತಿಯ ಕಡೆ ಒಂದು ನೋಟ ಬೀರಿ ಸ್ಟೀರಿಂಗ್ ಹಿಡಿದರು.

ಮೊದಲ ತಿರುವು ಬಂತು. ಎತ್ತು! ಗಾಡಿ ಜಗ್ಗಿತು. ತುಳಿ! ಗಾಡಿ ಗಕ್ಕನೆ ನಿಂತಿತು.

"ಅಯ್ಯೋ, ನನ್ನ ಕಣ್ಣು!"

ಮುಂದೆ ಒಂದು ನಾಯಿ ಅಡ್ಡ ಬಂತು. ಎತ್ತು, ತುಳಿ, ಗಕ್ಕ್. ಆಮೇಲೆ ಒಂದು ಹಳ್ಳ. ಎತ್ತು, ತುಳಿ, ಗಕ್ಕ್. ಹಿಂದಿನ ಸೀಟಿನಲ್ಲಿ ಹೆಂಡತಿ ಅಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಆಕೆಗೂ ಸಿಟ್ಟು ನೆತ್ತಿಗೇರಿತ್ತು.

"ಎತ್ತೋದ್ರಲ್ಲೇ ಅರ್ಧ ಬ್ರೇಕ್ ಆಗೋಗುತ್ತೆ ಅಂತ ಎಷ್ಟು ಸಲ ಬಡ್ಕೋಬೇಕು? ಮತ್ಯಾಕೆ ಹಾವು ಸಾಯಿಸೋರ ತರ ತುಳೀತೀರ?"

"ನನ್ನ ತಪ್ಪಲ್ಲ! ಈ ದರಿದ್ರ ಗಾಡಿಗೆ ಬುದ್ಧಿ ಇಲ್ಲ!" ಮೇಷ್ಟ್ರು ಸ್ಟೀರಿಂಗಿಗೆ ಗುದ್ದಿದರು. ಹಾರನ್ ಕಿರುಚಿತು. ಅತ್ತೆಯೂ ಕಿರುಚಿದರು.

"ಕುಣಿಯೋಕೆ ಬಾರದೋರು ನೆಲ ಡೊಂಕು ಅಂದ್ರಂತೆ. ಇಳೀರಿ ಕೆಳಗೆ!" ಎಂದಳು ಹೆಂಡತಿ.

"ನಾನಾ? ಇಳಿಯೋದಾ?"

"ನೀವಿಳೀದಿದ್ರೆ ನಾನಿಳಿದು ನಡ್ಕೊಂಡೇ ಹೋಗ್ತೀನಿ" ಎಂದರು ಅತ್ತೆ. ಅಲ್ಲಿಗೆ ತೀರ್ಪಾಯಿತು.

ಬಾಗಿಲನ್ನು ರಪ್ಪನೆ ಬಡಿದು ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತರು. ಮೈಯೆಲ್ಲ ಉರಿ. ಬೀದಿಯಲ್ಲಿ ಯಾರಾದರೂ ಶಿಷ್ಯರು ನೋಡಿದರೇನು ಗತಿ ಎಂದು ಮುಖವನ್ನು ಕರ್ಚೀಫಿನಿಂದ ಒರೆಸುವ ನೆಪದಲ್ಲಿ ಮುಚ್ಚಿಕೊಂಡರು. ಹೆಂಡತಿ ಗಾಡಿ ಹೊರಡಿಸಿದಳು. ಅತ್ತೆ ದಿಂಬಿಗೊರಗಿ ದೇವರನ್ನು ನೆನೆದರು.

ಎದುರಿಗೆ ಲಾರಿ ನಿಂತಿತ್ತು. ಮೇಷ್ಟ್ರ ಬಲಗಾಲು ಹಳೇ ಚಾಳಿಯಂತೆ ನೆಲವನ್ನು 'ದಪ್' ಎಂದು ತುಳಿಯಿತು. ಅದೇ ಹೊತ್ತಿಗೆ ಹೆಂಡತಿ ಕಾಲು ಸಡಿಲ ಬಿಟ್ಟಳು. ಗಾಡಿ ಬೆಣ್ಣೆಯಂತೆ ಜಾರಿ ನಿಂತಿತು. ಮುಂದಿನ ತಿರುವಿನಲ್ಲೂ ಹಾಗೆಯೇ. ದಪ್, ಬೆಣ್ಣೆ. ದಪ್, ಬೆಣ್ಣೆ.

"ಆಹಾ!" ಎಂದರು ಹಿಂದಿನಿಂದ ಅತ್ತೆ. "ನಿಮ್ಮ ಸ್ಕೂಲ್ ಗಾಡಿ ಹಾಗೆ ಇದಕ್ಕೂ ಆ ಕಡೆ ಬ್ರೇಕ್ ಇದೆ ಅಂತ ಮೊದ್ಲೇ ಹೇಳ್ಬಾರ್ದಾ ಅಳಿಯಂದ್ರೇ? ನೀವು ತುಳಿಯೋ ಸದ್ದು ಕೇಳಿದ್ರೇ ಧೈರ್ಯ ಬರುತ್ತೆ ನೋಡಿ."

ಮೇಷ್ಟ್ರಿಗೆ ಅದು ಉಗುಳಲಾಗದ, ನುಂಗಲಾಗದ ಬಿಸಿತುಪ್ಪ. ಬ್ರೇಕ್ ಇಲ್ಲ ಎಂದರೆ ಇಷ್ಟು ಹೊತ್ತು ಬರೀ ನೆಲ ತುಳಿದೆ ಎಂದು ಒಪ್ಪಬೇಕು. ಇದೆ ಎಂದರೆ ಈ ಸೀಟೇ ಗತಿ. ಹೆಂಡತಿಯಾದರೂ ನಿಜ ಹೇಳಬಾರದೇ? ಆಕೆ ಕನ್ನಡಿಯಲ್ಲಿ ಅಮ್ಮನನ್ನು ನೋಡಿ ಮುಸಿಮುಸಿ ನಕ್ಕಳು.

"ಹೌದಮ್ಮ. ಎಲ್ಲ ಇವರದ್ದೇ. ನನ್ನದೇನಿದೆ, ಸ್ಟೀರಿಂಗ್ ಹಿಡಿಯೋದಷ್ಟೇ."

ಮೇಷ್ಟ್ರಿಗೆ ರೇಗಿಹೋಯಿತು. ತುಳಿಯುವುದೇ ಇಲ್ಲ, ಸತ್ಯ ತಾನಾಗಿ ಬಯಲಾಗಲಿ ಎಂದು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಕೈ ಕಟ್ಟಿ ಕೂತರು. ರೈಲ್ವೆ ಗೇಟು ಬಂತು. ಗಾಡಿ ತೊಟ್ಟಿಲು ನಿಂತಷ್ಟು ನಯವಾಗಿ ನಿಂತಿತು. ದಪ್ ಎಂಬ ಸದ್ದೂ ಇಲ್ಲ.

ಅತ್ತೆ ಮುಂದಿನ ಸೀಟಿನ ಬೆನ್ನನ್ನು ಮೆಲ್ಲಗೆ ತಟ್ಟಿದರು. "ಈ ಸಲ ತುಳಿದದ್ದೇ ಗೊತ್ತಾಗ್ಲಿಲ್ಲ! ಎಂಥ ಹದ ಅಳಿಯಂದ್ರೇ! ಮುಂದಿನ ತಿಂಗಳು ಇನ್ನೊಂದು ಕಣ್ಣಿಗೂ ನೀವು ಅಲ್ಲೇ ಕೂತ್ಕೊಳ್ಳಿ. ನೀವು ಬ್ರೇಕ್ ಹಾಕೋದಾದ್ರೆ ಮಾತ್ರ ನಾನು ಆಪರೇಷನ್ನಿಗೆ ಬರೋದು. ಇಲ್ದಿದ್ರೆ ಆ ಕಣ್ಣೇ ಬೇಡ ನಂಗೆ."

ಮೇಷ್ಟ್ರು ಹಲ್ಲು ಕಡಿದರು. ಹಿಂದೆ ತಿರುಗಿ ಆ ಪಟ್ಟಿ ಕಟ್ಟಿದ ಮುಖ ನೋಡಿದರು.

"ಆಗ್ಲಿ ಅತ್ತೆ" ಎಂದರು.

ಗೇಟು ತೆರೆಯಿತು. ಗಾಡಿ ಸ್ವಲ್ಪ ದೂರ ಹೋಯಿತು.

"ರೀ, ಮುಂದೆ ಸಿಗ್ನಲ್ ಬಂತು. ಬ್ರೇಕ್ ಹಾಕ್ರೀ" ಎಂದಳು ಹೆಂಡತಿ, ಅಮ್ಮನಿಗೆ ಕೇಳುವಷ್ಟು ಜೋರಾಗಿ.

ಮೇಷ್ಟ್ರು ಕಾಲು ಕೆಳಗಿಳಿಸಿ ತುಳಿದರು.