ಕದಡುವ ಕೈ

ಈಜು ಬಾರದವರು, ಸೈಕಲ್ಲು ಬಾರದವರು ಇರುವಂತೆ ನಾನು ಸುಮ್ಮನಿರಲು ಬಾರದವಳು. ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಅಂಚೆತ್ತಿ ನೋಡುತ್ತೇನೆ. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅಲುಗಿಸಿ ನೋಡುತ್ತೇನೆ. ಮಗಳು ಚಿಕ್ಕವಳಿದ್ದಾಗ, ನಿದ್ದೆ ಬಂತೇ ಎಂದು ಕೇಳಿ ಕೇಳಿ ಅವಳನ್ನು ಎಬ್ಬಿಸಿದ್ದೂ ಉಂಟು. ಇಂಥವಳಿಗೆ ದೇವರು ಕೊಟ್ಟ ನೌಕರಿ ಯಾವುದು ಗೊತ್ತೇ? ವಸ್ತುಗಳು ಎಷ್ಟು ಚೆನ್ನಾಗಿ ಸುಮ್ಮನಿರುತ್ತವೆ ಎಂದು ಅಳೆಯುವುದು!

ಕಲಬುರಗಿ ಹತ್ತಿರದ ನಂದೂರಿನ ಒಂದು ಸಣ್ಣ ಬಣ್ಣದ ಕಾರ್ಖಾನೆಯಲ್ಲಿ ನನ್ನ ಕೆಲಸ. ಗೋಡೆಗೆ ಬಳಿಯುವ ಬಣ್ಣ ಡಬ್ಬಿಯಲ್ಲಿ ಮಂದವಾಗಿರಬೇಕು, ಬ್ರಷ್ಷಿನಿಂದ ಎಳೆದಾಗ ತೆಳುವಾಗಿ ಹರಿಯಬೇಕು, ಕೈ ಬಿಟ್ಟ ಮೇಲೆ ಮತ್ತೆ ಮಂದವಾಗಬೇಕು. ಇಲ್ಲದಿದ್ದರೆ ಗೋಡೆಯ ತುಂಬ ಕಣ್ಣೀರು ಇಳಿದಂತೆ ಇಳಿಯುತ್ತದೆ. ಮಂದತನ ಅಳೆಯುವ ನಮ್ಮ ಯಂತ್ರದ ಕಡ್ಡಿಯನ್ನು ಬಣ್ಣದೊಳಗೆ ಜೋರಾಗಿ ತಿರುಗಿಸಿ ಎಷ್ಟು ತೆಳುವಾಯಿತು ಎಂದು ನೋಡುತ್ತೇವೆ. ಆಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ತಿರುಗಿಸಿ ಎಷ್ಟು ಚೇತರಿಸಿಕೊಂಡಿತು ಎಂದು ನೋಡುತ್ತೇವೆ. ಕಷ್ಟವೆಲ್ಲ ಆ 'ಸ್ವಲ್ಪ ಹೊತ್ತಿ'ನಲ್ಲೇ ಇದೆ. ಒಮ್ಮೆ ಒಳ್ಳೆಯ ಮಾಲೊಂದು ಮಂದವಾಗುತ್ತಲೇ ಇಲ್ಲವೆಂದು ನಾನು ಕಾರ್ಖಾನೆಯೆಲ್ಲ ಕೇಳುವಂತೆ ಗದ್ದಲ ಎಬ್ಬಿಸಿದ್ದೆ. ಜೊತೆಗೆ ಕೆಲಸ ಮಾಡುವ ಶಬಾನಾ ಬಂದು ನನ್ನ ಬೆರಳು ನೋಡಿದಳು. ಬೆರಳ ತುದಿ ನೀಲಿಯಾಗಿತ್ತು.

"ಮೇಡಂ, ಗಳಿಗಿಗೊಮ್ಮೆ ಬೆರಳ ಹಾಕಿ ತಿರುವಿದ್ರ ಅದು ಹೆಂಗ ಗಟ್ಟಿ ಆಗಬೇಕ್ರಿ? ಅದಕ್ಕೂ ಜರಾ ಆರಾಮ ಬೇಕಲ್ರಿ" ಎಂದಳು. ಅಂದಿನಿಂದ ಬಣ್ಣದ ಮಾದರಿಯ ಮೇಲೆ ಸ್ಟೀಲಿನ ಡಬ್ಬಿ ಬೋರಲು ಹಾಕಿ, ಅದರ ಮೇಲೆ ತನ್ನ ಊಟದ ಡಬ್ಬಿ ಇಟ್ಟು ಹೋಗುತ್ತಾಳೆ.

ಬಣ್ಣದ ಗತಿ ಹೀಗಾದರೆ, ಅಕ್ಕನ ಗತಿ ಕೇಳಿ. ಕಮಲಾಪುರದಲ್ಲಿರುವ ಅಕ್ಕ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವ್ವ ಹೋದ ಮೇಲೆ ನನಗೆ ತವರೆಂದರೆ ಅವಳೇ. ಈ ಬೇಸಿಗೆಯಲ್ಲಿ ನಾನು ಹೋಗಿದ್ದಾಗ ಅವಳು ಮಾವಿನ ಉಪ್ಪಿನಕಾಯಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, "ಯಾರೂ ಮುಟ್ಟಬ್ಯಾಡ್ರಿ" ಎಂದು ಸಾರಿದ್ದಳು. ಹೋಳು ಮೆತ್ತಗಾಗಿದೆಯೋ ಇಲ್ಲವೋ ಎಂದು ನನಗೊಬ್ಬಳಿಗೇ ಚಿಂತೆ. ಬಟ್ಟೆ ಬಿಚ್ಚಿ, ಕೈಗೆ ಸಿಕ್ಕ ಹಸಿ ಚಮಚೆಯಿಂದ ತಿರುವಿ ನೋಡಿ, ಮತ್ತೆ ಕಟ್ಟಿಟ್ಟು ಊರಿಗೆ ಬಂದೆ. ವರ್ಷದ ಉಪ್ಪಿನಕಾಯಿಗೆ ಬೂಸಲು ಹತ್ತಿತು.

"ನಾನಾಗಿ ಫೋನ್ ಮಾಡೂತನಕ ನೀ ಮಾಡಬ್ಯಾಡ" ಎಂದು ಅಕ್ಕ ಫೋನಿಟ್ಟಳು.

ಅಷ್ಟಕ್ಕೇ ಬಿಟ್ಟಿದ್ದರೆ ಸಿಟ್ಟು ತಾನಾಗಿ ಇಳಿಯುತ್ತಿತ್ತು. ಆದರೆ ಇನ್ನು ಆ ಮನೆಯ ಬಾಗಿಲು ನನಗೆ ಮುಚ್ಚಿತೇನೋ ಎಂಬ ಹೆದರಿಕೆ ನನ್ನನ್ನು ಕೂರಲು ಬಿಡಲಿಲ್ಲ. ಮರುದಿನವೇ ಫೋನ್ ಮಾಡಿ, "ಅಕ್ಕಾ, ಸಿಟ್ಟು ಇಳೀತೇನು?" ಎಂದೆ. ಇಳಿಯುತ್ತಿದ್ದದ್ದು ಏರಿತು. ಆಮೇಲೆ ಅವಳಿಗೆ ಮಾಡುವುದನ್ನು ಬಿಟ್ಟು, ಕೋಟನೂರಿನ ಅತ್ತೆಗೆ ಮಾಡಿದೆ, ಚಿಕ್ಕಮ್ಮನಿಗೆ ಮಾಡಿದೆ. "ಅಕ್ಕನ ಸಿಟ್ಟು ಹ್ಯಾಂಗದ, ಜರಾ ನೋಡ್ರಿ" ಎಂದೆ. ಅವರೆಲ್ಲ ಒಬ್ಬೊಬ್ಬರಾಗಿ ಅವಳಿಗೆ ಫೋನ್ ಮಾಡಿ ವಿಚಾರಿಸಿದರು. ಶಬಾನಾಳಿಗೆ ಇದನ್ನು ಹೇಳಿದಾಗ ಅವಳು ತನ್ನ ಊಟದ ಡಬ್ಬಿಯನ್ನು ತಂದು ನನ್ನ ಫೋನಿನ ಮೇಲಿಟ್ಟಳು.

ಭಾನುವಾರ ತಡೆಯಲಾಗಲಿಲ್ಲ. ಕಮಲಾಪುರದ ಬಸ್ಸು ಹತ್ತಿಬಿಟ್ಟೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಸಿಟ್ಟು ಇಳೀತೇನು ಅಂತ ಕೇಳ್ಲಿಕ್ಕೆ ಬಂದಿಯೇನು?"

"ಇಲ್ಲಕ್ಕ, ಇನ್ನ ಮ್ಯಾಲ ಕೇಳಂಗಿಲ್ಲ ಅಂತ ಹೇಳ್ಲಿಕ್ಕೆ ಬಂದೀನಿ."

ಅಕ್ಕ ಹಣೆ ಚಚ್ಚಿಕೊಂಡಳು. "ನಿನ್ನೆ ಸಂಜಿಂದ ನಾನೇ ಫೋನ್ ಹಚ್ಚಲಿಕತ್ತೀನಿ. ಹಚ್ಚಿದಾಗೊಮ್ಮೆ ಬಿಜಿ! ಯಾರ ಕೂಡ ಮಾತಾಡ್ಲಿಕತ್ತಿದ್ದಿ?"

ಯಾರ ಜೊತೆ? ಚಿಕ್ಕಮ್ಮನ ಜೊತೆ, ಅಕ್ಕ ಇನ್ನೂ ಯಾಕೆ ಫೋನ್ ಮಾಡಿಲ್ಲ ಎಂದು. ನನಗೆ ನಗು ಬರುವ ಮೊದಲು ಅಳು ಬಂತು. ಅಕ್ಕ ಸೆರಗಿನಿಂದ ಕಣ್ಣೊರೆಸಿ ಊಟಕ್ಕೆ ಕರೆದಳು. ತಟ್ಟೆಯಲ್ಲಿ ಎಲ್ಲವೂ ಇತ್ತು, ಉಪ್ಪಿನಕಾಯಿಯೊಂದನ್ನು ಬಿಟ್ಟು.

ಹೊರಡುವಾಗ ತೋಟದ ಕೆಂಪು ಬಾಳೆಯ ಕಾಯಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟಳು. "ಇನ್ನೂ ಹಣ್ಣಾಗಿಲ್ಲ. ಒತ್ತಿ ಒತ್ತಿ ನೋಡಬ್ಯಾಡ. ಮೂಲ್ಯಾಗ ಇಟ್ಟು ಮರ್ತುಬಿಡು" ಎಂದಳು. ಆಗಲಿ ಎಂದು ತಲೆಯಾಡಿಸಿ ಬಸ್ಸು ಹತ್ತಿದೆ.

ಬಸ್ಸು ಕಲಬುರಗಿಯ ಹತ್ತಿರ ಬಂದಾಗ ಫೋನು ಬಡಿದುಕೊಂಡಿತು. ಅಕ್ಕ! ಇಷ್ಟು ದಿನ ನಾನು ಕಾದಿದ್ದ, ಅವಳು ತಾನಾಗಿ ಮಾಡಿದ ಫೋನು.

"ಗಂಟು ಬಿಚ್ಚಿಲ್ಲ ಹೌದಿಲ್ಲೋ?"

"ಇಲ್ಲಕ್ಕ" ಎಂದೆ, ಕಾಯಿಯ ಮೇಲಿದ್ದ ಹೆಬ್ಬೆರಳನ್ನು ಮೆಲ್ಲಗೆ ತೆಗೆಯುತ್ತಾ.