ಕೆನಡಾದ ಸಣ್ಣೂರಿಗೆ ನಮ್ಮ ಬೀದಿಯ ಮೆಕ್ಯಾನಿಕ್

ನಿವೃತ್ತ ಇಂಗ್ಲಿಷ್ ಮೇಷ್ಟ್ರು ಜಗಲಿಯ ಮೇಲೆ ಕೂತರೆ ಸಾಕು, ಲೋಕದ ಉಸಾಬರಿಯೆಲ್ಲ ತಾನೇ ನಡೆದು ಬಂದು ಪಕ್ಕದಲ್ಲಿ ಕೂರುತ್ತದೆ. ನಮ್ಮ ಬೀದಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಕೆನಡಾಕ್ಕೆ ಹೊರಟಿದ್ದೂ ಹಾಗೇ ನನ್ನ ಜಗಲಿಗೆ ಬಂತು. ತಿಪಟೂರಿನ ಕಾಲೇಜಿನಲ್ಲಿ ನನ್ನ ಶಿಷ್ಯ, ಕೊನೆಯ ಬೆಂಚು. ಈಗ ಅವನ ಶೆಡ್ಡಿನ ಸುತ್ತಿಗೆ ಸದ್ದಿಲ್ಲದೆ ನನಗೆ ಮಧ್ಯಾಹ್ನದ ನಿದ್ದೆಯೇ ಹತ್ತುವುದಿಲ್ಲ.

ಊರಿನ ಅಳತೆ

ಅಲ್ಲಿಯ ಸಣ್ಣ ಊರುಗಳಲ್ಲಿ ಕಸುಬು ಬಲ್ಲವರೇ ಸಿಗುವುದಿಲ್ಲವಂತೆ. ಕೆಲಸ ಕೊಡುವವನೊಬ್ಬ ಸಿಕ್ಕಿ, ಊರಿನ ಸಮಿತಿ 'ಇವನು ನಮಗೆ ಬೇಕು' ಎಂದು ಶಿಫಾರಸು ಮಾಡಿದರೆ, ಹೆಂಡತಿ ಮಕ್ಕಳ ಸಮೇತ ನೆಲೆಸಲು ಅರ್ಜಿ ಹಾಕಬಹುದು. ಇವನಿಗೆ ಕೆಲಸವೇನೋ ಸಿಕ್ಕಿತ್ತು. ಸಮಿತಿ ಒಪ್ಪುವುದೊಂದು ಬಾಕಿ.

"ಊರು ಎಷ್ಟು ದೊಡ್ಡದ್ರೀ?" ಎಂದಳು ಅವನ ಹೆಂಡತಿ.

"ನಮ್ಮ ಅಮ್ಮಸಂದ್ರದಷ್ಟು."

"ಸಿಮೆಂಟ್ ಫ್ಯಾಕ್ಟರಿ ಐತಾ?"

"ಇಲ್ಲ ಕಣೇ."

"ಹಂಗಾದ್ರೆ ಅಮ್ಮಸಂದ್ರವೇ ವಾಸಿ ಬುಡಿ. ಬಸ್ಸಿಗೆ ಹೋಗ್ಬೋದು."

ಓದಿದ ಪುಸ್ತಕ

ಇಂಗ್ಲಿಷ್ ಪರೀಕ್ಷೆಗೆ ನಾನೇ ತಯಾರು ಮಾಡಿದೆ. ಎಷ್ಟೋ ವರ್ಷದ ಮೇಲೆ ಅದೇ ಹುಡುಗನಿಗೆ ಅದೇ ಪಾಠ. ಇಬ್ಬರ ತಲೆಯೂ ನೆರೆತಿತ್ತು, ಅವನ ಇಂಗ್ಲಿಷ್ ಮಾತ್ರ ಹಾಗೇ ಎಳೆಯದಾಗಿತ್ತು.

"ಹವ್ಯಾಸ ಕೇಳಿದ್ರೆ ಓದೋದು ಅನ್ನು" ಎಂದೆ.

"ಯಾವ ಪುಸ್ತಕ ಓದಿದೀಯ ಅಂದ್ರೆ ಸಾರ್?"

"ಯಾವುದು ಓದಿದೀಯೋ ಅದೇ ಹೇಳೋ."

"ಟ್ರ್ಯಾಕ್ಟರ್ ಮ್ಯಾನ್ಯುಯಲ್ಲು ಸಾರ್" ಎಂದವನು ಪ್ರಾಮಾಣಿಕವಾಗಿ ಸೇರಿಸಿದ, "ಅದೂ ಬರೀ ಚಿತ್ರ."

ಚಳಿಯ ರಿಹರ್ಸಲ್

ಅಲ್ಲಿ ಹಿಮ ಮೊಣಕಾಲುದ್ದ ಬೀಳುತ್ತದೆಂದು ಯಾರೋ ಹೆದರಿಸಿದರು. ಹುಳಿಯಾರಿನ ಕಡೆಯ ಕುರಿಗಾಹಿ ಗೆಳೆಯನೊಬ್ಬ ಒಳ್ಳೇ ಕಂಬಳಿ ಕೊಟ್ಟ. ಅದನ್ನು ಹೊದ್ದು ಚಳಿ ಅಭ್ಯಾಸ ಮಾಡುತ್ತೇನೆಂದು ಇವನು ಐಸ್ ಫ್ಯಾಕ್ಟರಿಯೊಳಗೆ ಹೋಗಿ ಕೂತ. ಸಂಜೆ ಬಂದಾಗ ಕಂಬಳಿ ಹೆಗಲ ಮೇಲಿತ್ತು, ಅಂಗಿ ಒದ್ದೆ.

"ಹೆಂಗಿತ್ತಲಾ ಚಳಿ?"

"ಚಳಿ ಎಲ್ಲಿ ಬಂತು ಸಾರ್. ಕಂಪ್ರೆಸರ್ ಕೆಟ್ಟು ಕೂತಿತ್ತು. ರಿಪೇರಿ ಮಾಡಿ ಬೆವರು ಸುರಿಸ್ಕೊಂಡು ಬಂದೆ."

ಸಮಿತಿಯ ಮುಂದೆ

ಸಮಿತಿಯವರು ವಿಡಿಯೋದಲ್ಲಿ ಮಾತಾಡುವ ದಿನ ನಮ್ಮ ಹಜಾರಕ್ಕೆ ಹೆಣ್ಣು ನೋಡುವ ಶಾಸ್ತ್ರದ ಕಳೆ. ಗಂಡ ಇಸ್ತ್ರಿ ಅಂಗಿ, ಹೆಂಡತಿ ರೇಷ್ಮೆ ಸೀರೆ. ಪರದೆಯ ಮೇಲೆ ಬೆಳ್ಳಿ ಕೂದಲಿನ ಒಬ್ಬಾಕೆ, ಪಕ್ಕದಲ್ಲಿ ಟೋಪಿಯ ರೈತ.

"ಬಂದವರೆಲ್ಲ ವರ್ಷದೊಳಗೆ ದೊಡ್ಡ ನಗರಕ್ಕೆ ಓಡುತ್ತಾರೆ. ನೀನು ಓಡುವುದಿಲ್ಲ ಅನ್ನಲು ಏನು ಖಾತರಿ?" ಎಂದಳು ಆಕೆ.

ನಾನು ಬಾಯಿಪಾಠ ಮಾಡಿಸಿದ್ದ ಉತ್ತರ ಅವನಿಗೆ ಮರೆತುಹೋಯ್ತು. ಹೆಂಡತಿ ಮಾತಾಡಬಹುದೇ, ಅವಳ ಕನ್ನಡವನ್ನು ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದು ಕೇಳಿದೆ. ಒಪ್ಪಿದರು.

"ಇವ್ರಾ? ಬೆಂಗಳೂರಲ್ಲಿ ನಮ್ಮಕ್ಕನ ಮನೆ ಐತೆ, ಒಂದಿನ ಉಳಿದೋರಲ್ಲ ಕಣ್ರೀ. ಮದುವೆಗೆ ಹೋದ್ರೂ ಊಟದ ಕೈ ತೊಳ್ಕೊಂಡು ಸೀದಾ ಸಂಜೆ ಟ್ರೈನು. ದೊಡ್ಡೂರು ಇವ್ರ ಮೈಗಾಗಲ್ಲ" ಎಂದಳು.

ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಕ್ಕಳು. ರೈತ ನಗಲಿಲ್ಲ.

"ತನ್ನೂರಿನ ಮೇಲೆ ಇಷ್ಟು ಮೋಹ ಇರುವವನು ವಾಪಸ್ ಅಲ್ಲಿಗೇ ಓಡಿದರೆ?"

ಕೆಲಸ ಕೈತಪ್ಪಿತು ಅನ್ನಿಸಿತು. ಪ್ರಶ್ನೆಯನ್ನು ಅವನ ಹೆಂಡತಿಗೆ ಕನ್ನಡದಲ್ಲಿ ಹೇಳಿದೆ.

"ಇದೇನ್ ಮೇಷ್ಟ್ರೇ ಹಿಂಗ್ ಕೇಳ್ತಾರೆ ಇವ್ರು? ಅಲ್ಲಿಂದ ತಿಪಟೂರಿಗೆ ಸಂಜೆ ಟ್ರೈನ್ ಎಲ್ಲೈತೆ?"

ನಾನು ಹೇಳಿ ಮುಗಿಸುವ ಮೊದಲೇ ರೈತ ಟೋಪಿ ತೆಗೆದು ಹೊಟ್ಟೆ ಹಿಡಿದುಕೊಂಡ. ನಕ್ಕು ಸಾಕಾದ ಮೇಲೆ, "ಇಬ್ಬರೂ ಬರಲಿ, ಶಿಫಾರಸು ಕಳಿಸುತ್ತೇವೆ" ಎಂದ.

ಪರದೆ ಆರಿತು. ಹೆಂಡತಿ ಸಕ್ಕರೆ ಹಂಚಲು ಎದ್ದಳು. ಮೆಕ್ಯಾನಿಕ್ ಮಾತ್ರ ಕೂತಲ್ಲೇ ಕೂತಿದ್ದ.

"ಸಾರ್" ಎಂದ ಮೆಲ್ಲಗೆ, "ವಾಪಸ್ ಬರೋಕೆ ಸಂಜೆ ಟ್ರೈನ್ ಇಲ್ಲ ಅಂತ ಮೊದ್ಲೇ ಹೇಳಿದ್ರೆ ನಾನು ಅರ್ಜೀನೇ ಹಾಕ್ತಿರ್ಲಿಲ್ಲ."