ಉಮಾಶಂಕರನ ಜಾವಾ

“ಜಾವಾ ಗೊತ್ತು ಅಂತ ತಾನೇ ಹೇಳಿ ಕೆಲ್ಸಕ್ಕೆ ಸೇರ್ಕೊಂಡಿದ್ದು? ಹಂಗಾದ್ರೆ ಇದ್ಯಾಕೆ ಸ್ಟಾರ್ಟ್ ಆಗ್ತಿಲ್ಲ ಅಂತ ಹೇಳು ಗುರು.”

ಪೆಟ್ರೋಲ್ ಬಂಕಿನ ಮ್ಯಾನೇಜರ್ ಚಿಕ್ಕಬೀರಪ್ಪ ತನ್ನ ಹಳೇ ಜಾವಾ ಬೈಕನ್ನು ಕಂಪ್ಯೂಟರ್ ರೂಮಿನ ಬಾಗಿಲಿಗೇ ತಳ್ಳಿಕೊಂಡು ಬಂದಿದ್ದ. ಉಮಾಶಂಕರ ಪರದೆಯಿಂದ ಕಣ್ಣು ಕೀಳದೆ ಹಲ್ಲು ಕಚ್ಚಿದ. ಕೆಲಸಕ್ಕೆ ಸೇರಿದಾಗಿನಿಂದ ಇದೇ ಗೋಳು.

“ಬೀರಪ್ಪಣ್ಣ, ಆ ಜಾವಾ ಬೇರೆ, ಈ ಜಾವಾ ಬೇರೆ. ಇದು ಕಂಪ್ಯೂಟರ್‌ಗೆ ಕೆಲ್ಸ ಹೇಳೋ ಭಾಷೆ.”

“ಇದೂ ಮೈಸೂರಲ್ಲೇ ತಯಾರಾಗಿದ್ದಾ?”

“ಅಮೆರಿಕದಲ್ಲಿ.”

“ಹಂಗಾದ್ರೆ ಬಾಳಿಕೆ ಬರಲ್ಲ ಬಿಡು. ನೆಲ ಹಸಿ ಅದೆ, ಸ್ಟ್ಯಾಂಡ್ ಕುಸೀತದೆ. ಕೆಳಗಿಡಕ್ಕೆ ಚಪ್ಪಟೆ ಏನಾದ್ರೂ ಇದ್ಯಾ? ಇದನ್ನ ತಗೊಳ್ಳಾ?”

“ಊಂ ಊಂ,” ಎಂದ ಉಮಾಶಂಕರ, ಈ ಪ್ರಾಣಿ ಇಲ್ಲಿಂದ ತೊಲಗಿದರೆ ಸಾಕು ಎಂಬ ಅರ್ಥದಲ್ಲಿ. ಚಿಕ್ಕಬೀರಪ್ಪ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಎತ್ತಿಕೊಂಡು ಹೊರಗೆ ಹೋದ.

ಆವತಿಯ ಉಮಾಶಂಕರ ದೊಡ್ಡಬಳ್ಳಾಪುರದ ಆದಿನಾರಾಯಣಪ್ಪನವರ ಬಳಿ ಕೆಲಸ ಕೇಳಲು ಹೋದಾಗ, “ಎಂಟರ್‌ಪ್ರೈಸ್ ಜಾವಾ ಕಲ್ತಿದ್ದೀನಿ ಸರ್” ಅಂದಿದ್ದ. “ಎಂಟರ್‌ಪ್ರೈಸಸ್ ಇಟ್ಟಿದ್ಯಾ? ಮತ್ಯಾಕಪ್ಪ ಅಂಗ್ಡಿ ಮುಚ್ದೆ?” ಎಂದು ಅವರು ಕನಿಕರದಿಂದ ಕೇಳಿ, ಆ ಕನಿಕರದಲ್ಲೇ ಕೆಲಸ ಕೊಟ್ಟಿದ್ದರು.

ಆದಿನಾರಾಯಣಪ್ಪನವರಿಗೆ ಬಸ್ಸುಗಳಿದ್ದವು, ಪೆಟ್ರೋಲ್ ಬಂಕ್ ಇತ್ತು, ಮದುವೆ ಛತ್ರವಿತ್ತು. ಮೂರೂ ಒಂದೇ ಕಾಂಪೌಂಡಿನಲ್ಲಿ. ಮೂರಕ್ಕೂ ಒಂದೊಂದು ಕಂಪ್ಯೂಟರ್, ಆದರೆ ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದಕ್ಕೊಂದು ಮುಖ ನೋಡುತ್ತಿರಲಿಲ್ಲ. ಬಸ್ಸಿನವರು ಗಿರಾಕಿಯ ಹೆಸರಾದ ಮೇಲೆ ಇನಿಷಿಯಲ್ ಹಾಕಿದರೆ ಬಂಕಿನವರು ಹೆಸರಿಗೆ ಮೊದಲೇ ಹಾಕುತ್ತಿದ್ದರು. ಛತ್ರದವರು ಇನಿಷಿಯಲ್ಲಿನ ಗೊಡವೆಯೇ ಬೇಡವೆಂದು ಊರ ಹೆಸರು ಸೇರಿಸುತ್ತಿದ್ದರು. ಉಮಾಶಂಕರ ಬೇವಿನ ಮರದ ಮೇಲಿಂದ ವೈರು ಎಳೆಸಿ ಮೂರನ್ನೂ ಕೂಡಿಸಿದ್ದ. ಒಂದು ಹೆಸರು ಕೊಟ್ಟರೆ ಅವನ ಪ್ರೋಗ್ರಾಂ ಮೂರು ಕಡೆಯೂ ಅವರವರ ಭಾಷೆಯಲ್ಲೇ ವಿಚಾರಿಸಿಕೊಂಡು ಬಂದು, ಉತ್ತರಗಳನ್ನು ಒಟ್ಟಿಗೆ ಹೊಲಿದು ಮುಂದಿಡುತ್ತಿತ್ತು. ಹಾಗೆಂದು ಅವನು ತಿಂಗಳುಗಟ್ಟಲೆ ಹೇಳುತ್ತ ಬಂದಿದ್ದ. ನೋಡಿದವರು ಯಾರೂ ಇರಲಿಲ್ಲ.

ಅಂದು ಬೆಳಿಗ್ಗೆ ಚಿಕ್ಕಬೀರಪ್ಪ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಆದಿನಾರಾಯಣಪ್ಪನವರು ಗರಿಗರಿ ಪಂಚೆಯಲ್ಲಿ ಒಳಗೆ ಬಂದರು. “ಏನಪ್ಪಾ, ನಮ್ಮ ಮಗ್ಳು ಅಕ್ಷತನ್ನ ನೋಡಕ್ಕೆ ಸಾಯಂಕಾಲ ಸಾಸಲಿಂದ ಬರ್ತಾವ್ರೆ. ಹುಡ್ಗ ದೇವೇಂದ್ರ, ವೆಂಕಟರಾಮಪ್ಪನ ಮಗ. ಹೆಂಗೆ ಏನು ಅಂತ ನಿನ್ನ ಪೆಟ್ಟಿಗೆನ ಕೇಳು. ಹೇಳ್ತೋ, ನಿನ್ನ ಕೆಲ್ಸ ಕಾಯಂ. ಹೇಳ್ಲಿಲ್ವೋ, ಮೂರೂ ಪೆಟ್ಟಿಗೆ ಮಾರಾಕ್ತೀನಿ, ನೀನು ನಿನ್ನ ದಾರಿ ನೋಡ್ಕೊ.”

ಉಮಾಶಂಕರ ಮನಸ್ಸಿನಲ್ಲೇ ಮನೆದೇವರಿಗೆ ಕೈ ಮುಗಿದು ಹೆಸರು ಒತ್ತಿದ. ಯಂತ್ರ ಗಂಟಲು ಕೆಟ್ಟ ಕೋಳಿಯಂತೆ ಕೊರಕೊರ ಎಂದು, ಮೂರು ಸಾಲು ಕಕ್ಕಿತು. ಬಸ್ಸು: ದೇವೇಂದ್ರ ವಿ., ಕಾಲೇಜು ವಿದ್ಯಾರ್ಥಿ, ರಿಯಾಯಿತಿ ಪಾಸು. ಬಂಕು: ವಿ. ದೇವೇಂದ್ರ, ಲಾರಿಗೆ ಡೀಸೆಲ್. ಛತ್ರ: ಸಾಸಲು ದೇವೇಂದ್ರ, ಹೋದ ಮಾಘದಲ್ಲಿ ಬುಕಿಂಗ್, ಸ್ವಂತ ಮದುವೆಗೆ.

ಆದಿನಾರಾಯಣಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಲಾರಿ ಓಡಿಸ್ತವ್ನೆ, ಮದ್ವೆನೂ ಆಗವ್ನೆ, ಕಾಲೇಜ್‌ಗೂ ಹೋಗ್ತವ್ನೆ. ನಿದ್ದೆ ಯಾವಾಗ ಮಾಡ್ತಾನಯ್ಯ ಇವ್ನು?”

ಅವರು ಮನೆಗೆ ಫೋನ್ ಹಚ್ಚಿ, ಸಾಸಲಿನವರಿಗೆ ಬರಬೇಡಿ ಅಂತ ಹೇಳಿಸು ಅಂದದ್ದೇ ತಡ, ಕಾಂಪೌಂಡಿನ ಹಿಂದಿನ ಮನೆಯಿಂದ ಹೆಂಡತಿ ಮುನಿರತ್ನಮ್ಮ ಕಡಲೆಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಉಮಾಶಂಕರನ ಮೇಲೆ ಹರಿಹಾಯ್ದರು.

“ಸಾಸಲು ಬಸ್‌ಸ್ಟಾಪಲ್ಲಿ ದೇವೇಂದ್ರ ಅಂತ ಕೂಗಿದ್ರೆ ನಾಕು ಜನ ತಿರುಗ್ತಾರೆ. ಯಾವ್ಯಾವನ್ನೋ ತಂದು ಒಬ್ನಿಗೆ ಅಂಟಿಸಿ ಒಳ್ಳೆ ಸಂಬಂಧ ಕೆಡಿಸ್ತಿದ್ದೀಯಲ್ಲಪ್ಪ. ನಿನ್ನ ಮನೇಲಿ ಅಕ್ಕ ತಂಗೀರಿಲ್ವಾ?”

ಚಿಕ್ಕಬೀರಪ್ಪನೂ ಸ್ಪಾನರ್ ಹಿಡಿದು ಇಣುಕಿದ. “ಅಮ್ಮಾವ್ರು ಹೇಳೋದು ಸರಿ. ಪ್ಲಗ್ಗು ಒಂದು ಗಾಡೀದು, ಚೈನು ಇನ್ನೊಂದು ಗಾಡೀದು ಹಾಕಿ ಓಡಿಸ್ದಂಗೆ ಆಯ್ತು.”

ಉಮಾಶಂಕರ ಪರದೆಯ ಮೂರು ಸಾಲುಗಳನ್ನು ಮತ್ತೆ ಓದಿದ. ಹೆಸರು ಒಂದೇ ಇದ್ದರೆ ಆಳೂ ಒಬ್ಬನೇ ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟವನು ತಾನೇ. ಆ ಮೂವರು ಮೂರು ದೇವೇಂದ್ರರಾಗಿದ್ದರೆ?

“ಯಂತ್ರ ಸುಳ್ಳೋ, ನೀನು ಸುಳ್ಳೋ?” ಎಂದರು ಆದಿನಾರಾಯಣಪ್ಪ.

“ನಾನೇ ಸರ್. ಹೊಲಿಗೆ ತಪ್ಪಾಗಿದೆ. ಸರಿ ಮಾಡ್ತೀನಿ.”

ಬುತ್ತಿ ಬಿಚ್ಚದೆ ಕೂತು ಸರಿ ಮಾಡಿದ. ಹೆಸರು, ಇನಿಷಿಯಲ್, ಊರು, ಮೂರೂ ಕಡೆ ಅಕ್ಷರಕ್ಕಕ್ಷರ ಒಂದೇ ಇದ್ದರಷ್ಟೇ ತೋರಿಸು ಎಂದು ಬರೆದ. ಹಳೆಯದರ ಮೇಲೇ ಹೊಸದನ್ನು ಉಳಿಸಿದ. ಮತ್ತೆ ಹೆಸರು ಒತ್ತಿದಾಗ ಪರದೆ, ದೇವೇಂದ್ರ, ಯಾವ ದಾಖಲೆಯೂ ಇಲ್ಲ ಅಂದಿತು. ಮೂರು ಕಡೆಯವರೂ ಒಂದೇ ರೀತಿ ಬರೆದ ಹೆಸರು ಇಡೀ ತಾಲ್ಲೂಕಿನಲ್ಲೇ ಇರಲಿಲ್ಲವಾದ್ದರಿಂದ ಇನ್ನು ಯಾರ ಹೆಸರು ಒತ್ತಿದರೂ ಅದೇ ಉತ್ತರ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

“ನೋಡಿ, ಚಿನ್ನದಂಥ ಹುಡ್ಗ,” ಎಂದರು ಮುನಿರತ್ನಮ್ಮ. “ನೀನೂ ಬಾ, ಬೋಂಡ ತಿನ್ನುವಂತೆ” ಎಂದು ಉಮಾಶಂಕರನನ್ನೂ ಮನೆಗೆ ಕರೆದರು.

ಸಾಸಲಿನವರು ಬಂದರು. ವೆಂಕಟರಾಮಪ್ಪ, ಪಕ್ಕದಲ್ಲಿ ತಲೆಗೆ ಎಣ್ಣೆ ಮೆತ್ತಿದ ದೇವೇಂದ್ರ, ಜೊತೆಗೆ ಹುಡುಗನ ಅಜ್ಜಿ ಪಿಳ್ಳಮ್ಮ. ಅಕ್ಷತ ಕಾಫಿ ಕೊಟ್ಟು ಒಳಗೆ ಹೋದಳು. ಮಾತು ಮದುವೆಯ ತನಕ ಸಲೀಸಾಗಿ ಬಂತು. ಉಮಾಶಂಕರ ಎರಡನೆಯ ಬೋಂಡಕ್ಕೆ ಕೈ ಹಾಕಿದ. ಕಾಯಂ ಆದರೆ ಮೊದಲು ರೂಮಿಗೊಂದು ಬೀಗ ಹಾಕಿಸಬೇಕು ಅಂದುಕೊಂಡ.

“ಛತ್ರಕ್ಕೆ ಹುಡುಕೋದೇ ಬೇಡ, ನಮ್ದೇ ಇದೆಯಲ್ಲ,” ಎಂದರು ಮುನಿರತ್ನಮ್ಮ ಹೆಮ್ಮೆಯಿಂದ.

“ಆ ಛತ್ರ ಮಾತ್ರ ಬ್ಯಾಡ ಕಣವ್ವ,” ಎಂದಳು ಪಿಳ್ಳಮ್ಮ, ಬೋಂಡ ಮುರಿಯುತ್ತ. “ಹೋದ ಮಾಘದಾಗೆ ನಮ್ ದೇವೇಂದ್ರನ ಮದ್ವೇಲಿ ನೀರು ನಿಂತೋಗಿ, ಉಂಡೋರು ಕೈ ತೊಳೀದೆ ಊರಿಗೋದ್ರು.”

ಆದಿನಾರಾಯಣಪ್ಪ ಕಾಫಿ ಲೋಟ ಕೆಳಗಿಟ್ಟರು.

“ಅದು ಬೇರೆ ದೇವೇಂದ್ರ ಕಣಮ್ಮ,” ಎಂದು ವೆಂಕಟರಾಮಪ್ಪ ಕೆಮ್ಮಿದ.

“ಬೇರೆ ಯಾವನ್ಲಾ? ನಾನೇ ಅಕ್ಷತೆ ಹಾಕಿವ್ನಿ. ಆ ಹುಡ್ಗಿ ಮುನಿಸ್ಕೊಂಡು ತವರಿಗೋಗಿ ಕುಂತವ್ಳೆ. ಇವರಿಗೆ ಹೇಳಿಲ್ವೇನ್ಲಾ?”

ದೇವೇಂದ್ರ ಬೆವರು ಒರೆಸಿಕೊಳ್ಳಲು ಕರ್ಚೀಫ್ ಎಳೆದ. ಅದರ ಜೊತೆ ಒಂದು ಪಾಸು ಜಾರಿ ಆದಿನಾರಾಯಣಪ್ಪನವರ ಕಾಲ ಬಳಿ ಬಿತ್ತು. ಅವರದೇ ಬಸ್ಸಿನದು. ಅವರು ಎತ್ತಿಕೊಂಡು ಓದಿದರು.

“ಬಿ.ಎ. ಎರಡನೇ ವರ್ಷ. ಮೀಸೆ ನರೆಯೋ ಹೊತ್ಗೆ ಪಾಸಾಗ್ತೀಯಪ್ಪ.”

“ಹಂಗಲ್ಲ ಸರ್,” ತೊದಲಿದ ದೇವೇಂದ್ರ. “ಲಾರಿ ರಿಪೇರಿಗೆ ಬಿಟ್ಟಾಗ ಬಸ್ಸಲ್ಲೇ ಬರ್ಬೇಕಲ್ಲ. ಚಾರ್ಜು ಕಮ್ಮಿ ಆಗ್ತದೆ ಅಂತ.”

ಒಳಮನೆಯಿಂದ ಅಕ್ಷತ ಕಿಸಕ್ಕೆಂದು ನಕ್ಕದ್ದು ಎಲ್ಲರಿಗೂ ಕೇಳಿಸಿತು.

ಸಾಸಲಿನವರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹೊರಟುಹೋದ ಮೇಲೆ ಆದಿನಾರಾಯಣಪ್ಪ ಉಮಾಶಂಕರನ ಭುಜ ಹಿಡಿದು ಅಲ್ಲಾಡಿಸಿದರು. “ಲೇ, ಬೆಳಿಗ್ಗೆ ನಿನ್ನ ಪೆಟ್ಟಿಗೆ ಹೇಳಿದ್ದು ಒಂದಕ್ಷರ ಸುಳ್ಳಿಲ್ವಲ್ಲೋ. ಇನ್ನೂ ಒಂದಷ್ಟು ಹುಡುಗ್ರ ಜಾತಕ ಬಂದವೆ. ನಡಿ, ಬೆಳಿಗ್ಗೆದನ್ನ ಹಾಕು.”

ಉಮಾಶಂಕರ ಕೈಲಿದ್ದ ಬೋಂಡ ತಟ್ಟೆಗಿಟ್ಟ. “ಅದಿಲ್ಲ ಸರ್. ಅದರ ಮೇಲೇ ಹೊಸದು ಬರ್ದ್ಬಿಟ್ಟೆ. ಹೆದರ್ಬೇಡಿ, ಫ್ಲಾಪೀಲಿ ಕಾಪಿ ಅದೆ. ಮೇಜಿನ ಮೇಲೇ ಇಟ್ಟಿದ್ದೀನಿ.”

ಇಬ್ಬರೂ ಕಂಪ್ಯೂಟರ್ ರೂಮಿಗೆ ಬಂದು ನೋಡಿದರೆ ಮೇಜಿನ ಮೇಲೆ ಫ್ಲಾಪಿ ಇರಲಿಲ್ಲ. ಬೆಳಗಿನ ಊಂ ಊಂ ಅವನಿಗೆ ಆಗ ನೆನಪಾಯಿತು. ಓಡಿ ಬಾಗಿಲಿಗೆ ಬಂದ. ಜಾವಾದ ಸ್ಟ್ಯಾಂಡಿನ ಕೆಳಗೆ, ಕೆಸರಿನಲ್ಲಿ ಅರ್ಧ ಹೂತು, ಒಣಗಿದ ಹಪ್ಪಳದಂತೆ ನಡುವಿಗೆ ಸೀಳಿ ಫ್ಲಾಪಿ ಮಲಗಿತ್ತು.

“ಕೇಳೇ ತಗೊಂಡಿದ್ದು ಗುರು, ನೀನೇ ಊಂ ಅಂದೆ,” ಎಂದ ಚಿಕ್ಕಬೀರಪ್ಪ.

“ಮತ್ತೆ ಬರೀತೀನಿ ಸರ್. ಒಂದು ತಿಂಗ್ಳು ಕೊಡಿ,” ಎಂದು ಉಮಾಶಂಕರ ಕೈ ಜೋಡಿಸಿದ.

ಆದಿನಾರಾಯಣಪ್ಪ ಕಂಪ್ಯೂಟರನ್ನೊಮ್ಮೆ, ಉಮಾಶಂಕರನನ್ನೊಮ್ಮೆ ನೋಡಿದರು. “ಪೆಟ್ಟಿಗೆ ಮಾರಲ್ಲಪ್ಪ. ಅದು ನಂಬಿಕಸ್ತ. ಆದ್ರೆ ಅದು ನಿಜ ಹೇಳಿದ್ರೂ ಬಾಯಿ ಮುಚ್ಚಿಸಿದೋನು ನೀನು. ನೀನು ಬ್ಯಾಡ. ಬೇರೆ ಯಾರಾದ್ರೂ ಜಾವಾ ಗೊತ್ತಿರೋರು ಇದ್ರೆ ನೋಡೋ ಬೀರಪ್ಪ.”

“ನಮ್ಮ ಪಿಳ್ಳಪ್ಪ ಅವ್ನೆ ಯಜಮಾನ್ರೇ, ಇಲ್ಲೇ ಪಕ್ಕದ ಮಧುರೇಲಿ ಗ್ಯಾರೇಜು,” ಎಂದ ಚಿಕ್ಕಬೀರಪ್ಪ. “ಜಾವಾ ಇಂಜಿನ್ ಕಣ್ಣು ಕಟ್ಟಿದ್ರೂ ಬಿಚ್ಚಿ ಜೋಡಿಸ್ತಾನೆ.”

“ನಾಳೆ ಕರ್ಕೊಂಡು ಬಾ.”

ಉಮಾಶಂಕರ ಒಳಗೆ ಹೋಗಿ ಪರದೆ ಆರಿಸಿದ. ಬುತ್ತಿ ಡಬ್ಬಿ ಬಗಲಿಗೆ ಇಟ್ಟು ಮೆಟ್ಟಿಲಿಳಿದ. ಬೈಕಿನ ಬಳಿ ಬಂದು, ಬೆಳಗಿನಿಂದ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಬಲಗಾಲಿಗೆ ತಂದು, ಅದರ ಕಿಕ್ಕರಿನ ಮೇಲೆ ಒಂದು ಒದೆ ಕೊಟ್ಟ.

ಜಾವಾ ಡಬಡಬ ಎಂದು ಸ್ಟಾರ್ಟ್ ಆಯಿತು.